ತೆರೆಯದ ಹಿಂಬಾಗಿಲು

ಜುಲೈ ೧೦, ಗುರುವಾರ

ಇವತ್ತು ನನ್ನ ತಪ್ಪನ್ನು ಶಾಲೆ ಬಸ್ಸಿನ ಆಯಾ ತನ್ನ ಮೇಲೆ ಹಾಕಿಕೊಂಡಳು. ನಾನು ಹಾಕಿಕೊಳ್ಳಲು ಬಿಟ್ಟೆ.

ಬೆಳಿಗ್ಗೆ ಎಂಜಿನ್ನಿನ ಹೊಗೆ ಬಸ್ಸಿನ ಮುಂಭಾಗದಲ್ಲಿ ತುಂಬಿತಂತೆ. ಹಿಂದಿನ ತುರ್ತು ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಆಯಾ ಕಿಟಕಿ ಗಾಜು ಒಡೆದು ಇಪ್ಪತ್ಮೂರು ಮಕ್ಕಳನ್ನೂ ಒಬ್ಬೊಬ್ಬರಾಗಿ ಹೊರಗೆ ನಿಂತಿದ್ದ ಡ್ರೈವರ್ ಕೈಗೆ ದಾಟಿಸಿದಳು. ಮಕ್ಕಳಿಗೆ ಏನೂ ಆಗಲಿಲ್ಲ. ಅವಳ ಅಂಗೈಗೆ ಒಂಬತ್ತು ಹೊಲಿಗೆ.

ಆ ಬಾಗಿಲಿನ ಹಿಡಿ ತುಕ್ಕು ಹಿಡಿದಿದ್ದು ಸೋಮವಾರವೇ ನನಗೆ ಗೊತ್ತಿತ್ತು. ಎರಡು ಸಲ ಎಳೆದೆ, ಬರಲಿಲ್ಲ. ಹೊಟ್ಟೆ ಹಸಿದಿತ್ತು. ಊಟ ಮುಗಿಸಿ ಬಂದು ನೋಡೋಣವೆಂದು ತಪಾಸಣೆ ಹಾಳೆಯಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ. ಆಮೇಲೆ ಮರೆತೇಬಿಟ್ಟೆ. ಇಪ್ಪತ್ತು ವರ್ಷ ಅನುಭವವಿರುವ ಮೆಕ್ಯಾನಿಕ್ ನಾನು.

ಹೆಡ್‌ಮಿಸ್ ನಮ್ಮಿಬ್ಬರನ್ನೂ ಕರೆದು, ಬಾಗಿಲು ಯಾಕೆ ತೆರೆಯಲಿಲ್ಲ ಎಂದು ವಿಚಾರಿಸಿದರು. ಆಯಾನೇ ಹೇಳಿದಳು: “ಅಣ್ಣ ನೋಡದೆ ಸಹಿ ಹಾಕೋರಲ್ಲ ಮೇಡಂ. ಗಾಬರೀಲಿ ನಂಗೇ ತೆಗೆಯೋಕೆ ಬಂದಿಲ್ಲ ಅನ್ಸುತ್ತೆ.”

“ಹೌದೇನ್ರಿ?” ಎಂದು ಮೇಡಂ ನನ್ನ ಕಡೆ ತಿರುಗಿದರು.

ನಾನು ಹೂಂ ಎಂದು ತಲೆಯಾಡಿಸಿದೆ. ಅವಳಿಗೆ ಇನ್ನು ಬಸ್ಸಿನ ಕೆಲಸ ಬೇಡ ಎಂದುಬಿಟ್ಟರು.

ಸಂಜೆ ತಡೆಯಲಾರದೆ ಅವಳ ಮನೆಗೆ ಹೋದೆ. ಮಗಳು ತಟ್ಟೆ ಹಿಡಿದು ಅವಳಿಗೆ ತುತ್ತು ಕೊಡುತ್ತಿದ್ದಳು. ಹೊಸ್ತಿಲಲ್ಲೇ ನಿಂತು, “ಬಾಗಿಲು ಕೆಟ್ಟಿದ್ದು ನಂಗೆ ಗೊತ್ತಿತ್ತಮ್ಮ” ಎಂದೆ.

“ಹಿಡಿ ತುಕ್ಕು ನಾನೂ ನೋಡ್ದೆ ಅಣ್ಣ” ಎಂದಳು. “ತಪ್ಪು ನಂದೇ ಅಂದ್ರೆ ನೀವೇ ಬಾಯಿ ಬಿಡ್ತೀರಿ ಅಂದ್ಕೊಂಡಿದ್ದೆ.”

ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಮೊದಲು ಮೇಡಂ ಮುಂದೆ ನಿಂತು, ಸೋಮವಾರದಿಂದಲೇ ಶುರು ಮಾಡಿ, ಎಲ್ಲರೂ ಇರುವಾಗಲೇ ನಿಜ ಹೇಳಿಬಿಡುತ್ತೇನೆ.