ಬೇಸಿಗೆಯ ಹಸಿರು

ಹರಪನಹಳ್ಳಿ
18 ಜುಲೈ 2025

ಕಾಗದಪತ್ರದಲ್ಲಿ ಇನ್ನೂ ನನ್ನ ಗಂಡನಾಗಿರುವ ಹುಲುಗೇಶ ಅವರಿಗೆ,

ಮೈಲಮ್ಮ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ, ನಿಮ್ಮ ಮನೆ ಬಿಟ್ಟು ಬಂದ ನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ಇದ್ದದ್ದಿಲ್ಲ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಗೊತ್ತಿದೆ.

ಹೋದ ತಿಂಗಳು ನಿಮ್ಮ ಅವ್ವನನ್ನು ಕಳಿಸಿದಿರಿ. ಪಾಪ, ಈರಕ್ಕತ್ತೆ ಬಸ್ಸಿಳಿದು ಬಿಸಿಲಲ್ಲಿ ನನ್ನ ಕಚೇರಿ ತನಕ ನಡೆದು ಬಂದಿದ್ದರು. "ಅವನ ವರದಿ ನಿನ್ನ ಟೇಬಲ್ ಮ್ಯಾಲ ಐತಂತ. ಸುಮ್ನ ಒಂದು ಸಹಿ ಹಾಕವ್ವ, ಮನಿ ಮರ್ಯಾದಿ ಉಳೀತೈತಿ" ಅಂದರು. ಉಪಗ್ರಹದ ಚಿತ್ರ ನೋಡಿ ನೆಲದ ಆರೋಗ್ಯ ಹೇಳುವುದು ನನ್ನ ಹೊಟ್ಟೆಪಾಡು ಅತ್ತೆ, ಅದರಲ್ಲಿ ಮನೆ ಕಾಣುತ್ತದೆ, ಮರ್ಯಾದೆ ಕಾಣುವುದಿಲ್ಲ ಎಂದು ಹೇಳಿ, ಊಟ ಮಾಡಿಸಿ ಕಳಿಸಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಿಮ್ಮ ಮೇಲಿದೆ. ಆರು ವರ್ಷದ ಹಿಂದೆ ಚಿಗಟೇರಿಯಾಚೆಯ, ನಮ್ಮ ಕುರಿ ಮೇಯುವ ಹುಲ್ಲಿನ ಕಾವಲಿಗೆ ನೀವು ಸರ್ವೆಗೆ ಬಂದಾಗ, ನಮ್ಮಪ್ಪ ದೊಡ್ಡಬೀರಪ್ಪ ಅಳಿಯನೆಂದು ನಿಮ್ಮಿಂದ ಏನೂ ಮುಚ್ಚಿಡಲಿಲ್ಲ. ನಾನೂರು ಎಕರೆಯನ್ನೂ ನಡೆಸಿ ತೋರಿಸಿದ. ಕರಡದ ಹುಲ್ಲು ಯಾವ ಮಳೆಗೆ ಏಳುತ್ತದೆ, ರಾತ್ರಿ ಕುರಿ ಎಲ್ಲಿ ತರುಬಿ ಮಲಗಿಸಿದರೆ ಅವುಗಳ ಗೊಬ್ಬರಕ್ಕೆ ಮೇವು ಹೆಚ್ಚು ಬರುತ್ತದೆ, ಎಲ್ಲ ಹೇಳಿದ. ಕುರಿ ಮೇಯಿಸಲು ಬಂದವರು, ಹುಲ್ಲನ್ನು ನುಂಗುವ ಬಳ್ಳಾರಿ ಜಾಲಿಯ ಎಳೆ ಗಿಡ ಹತ್ತಾದರೂ ಕೀಳದೆ ಮನೆಗೆ ಹೋಗಬಾರದು ಎಂಬ ಕಾವಲಿನ ಕಟ್ಟಳೆಯನ್ನೂ ಹೇಳಿದ. ಅವನ ಬುತ್ತಿಯ ರೊಟ್ಟಿ ತಿಂದು ನೀವು ಬರೆದದ್ದು, ಕುರಿಗಳಿಂದ ಕಾವಲು ಹಾಳಾಗಿದೆ ಎಂದು. ಮರುವರ್ಷ ಬೇಲಿ ಬಂತು. ಅಪ್ಪ ನೂರ ಅರವತ್ತು ಕುರಿ ಮಾರಿದ. ಆಮೇಲೆ ದೊಡ್ಡ ಉಪಕಾರ ಮಾಡಿದವರ ಹಾಗೆ ಅದೇ ಬೇಲಿಗೆ ಅವನನ್ನೇ ಕಾವಲುಗಾರನನ್ನಾಗಿ ಇಟ್ಟಿರಿ. ಹಸಿರು ಗಿಡ ಒಂದನ್ನೂ ಮುಟ್ಟಬಾರದು ಎಂದು ಅವನಿಗೆ ಹುಕುಂ ಕೊಟ್ಟಿರಿ. ಜಾಲಿ ಕಿತ್ತು ಬೆಳೆದ ಮನುಷ್ಯ ಜಾಲಿ ಕಾಯುತ್ತಾ ಕೂತ.

ಈಗ ಪರಿಶೀಲನೆಗೆಂದು ನನ್ನ ಟೇಬಲ್ಲಿಗೆ ಬಂದ ನಿಮ್ಮ ವರದಿಗೆ ಬರುತ್ತೇನೆ. ಐದು ವರ್ಷದಲ್ಲಿ ಕಾವಲಿನ ಹಸಿರು ಎರಡು ಪಟ್ಟಾಗಿದೆ, ಕೊಟ್ಟೂರು ಕೂಡ್ಲಿಗಿ ಕಡೆಯ ಕಾವಲುಗಳಿಗೂ ಹೀಗೇ ಬೇಲಿ ಹಾಕಬೇಕು ಎಂದಿದ್ದೀರಿ. ಮಳೆಗಾಲದ ಚಿತ್ರದಲ್ಲಿ ಮೋಡ ಅಡ್ಡ ಬರುತ್ತದೆಂದು ನೀವು ಆರಿಸಿದ್ದೆಲ್ಲ ಮೇ ತಿಂಗಳ ಚಿತ್ರ. ಬೇಸಿಗೆಯಲ್ಲಿ ನಮ್ಮ ಹುಲ್ಲು ಒಣಗಿ ಹಳದಿಯಾಗಬೇಕು, ಅದೇ ಅದರ ಆರೋಗ್ಯ. ಮೊದಲ ಮಳೆ ಬಿದ್ದು ಹತ್ತು ದಿನಕ್ಕೆ ಏಳುತ್ತದೆ, ಮಳೆ ಹೋದ ಮೇಲೆ ಮಲಗುತ್ತದೆ. ಮೇ ತಿಂಗಳಲ್ಲಿ ಆ ನೆಲದ ಮೇಲೆ ಹಸಿರಾಗಿ ನಿಲ್ಲುವುದು ಜಾಲಿ ಒಂದೇ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿಯೂ ನಿಮಗೆ ಇದು ಮರೆತುಹೋಯಿತು.

ಉಪಗ್ರಹ ಐದು ದಿನಕ್ಕೊಮ್ಮೆ ನಮ್ಮ ತಲೆ ಮೇಲೆ ಹಾದುಹೋಗುತ್ತದೆ. ಮೋಡದ ಸಂದಿ ಹುಡುಕಿ ಹುಡುಕಿ ಒಂಬತ್ತು ವರ್ಷದ ಮಳೆಗಾಲವನ್ನು ಜೋಡಿಸಿದೆ. ಅಪ್ಪ ಕುರಿ ತರುಬಿದ ಜಾಗಗಳೆಲ್ಲ ಬೇಲಿಗೆ ಮುಂಚಿನ ಚಿತ್ರಗಳಲ್ಲಿ ಮಳೆ ಬಿದ್ದೊಡನೆ ಕಡುಹಸಿರಾಗಿ ಎದ್ದಿವೆ. ಬೇಲಿ ಹಾಕಿದ ಮೇಲೆ ಒಂದೊಂದೇ ಇಲ್ಲವಾಗಿವೆ. ಅದೆಲ್ಲವನ್ನೂ, ನಿಮ್ಮ ವರದಿ ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿಗೆ ಕೊಟ್ಟೆ.

ನಿನ್ನೆ ಸಮಿತಿಯವರು ಕಾವಲಿಗೆ ಬಂದಿದ್ದರು. ಗೇಟಿನ ಬೀಗ ತೆಗೆದದ್ದು ಅಪ್ಪನೇ. ಇಲ್ಲಿ ಹುಲ್ಲು ಯಾವುದಪ್ಪ ಎಂದು ಅವರು ಕೇಳಿದರು. "ಹುಲ್ಲು ಬೇಲಿ ಹೊರಗ ಐತ್ರಿ. ಒಳಗ ನಮ್ಮ ಅಳಿಯಂದು ಐತಿ" ಅಂದ. ಯಾರೂ ನಗಲಿಲ್ಲ, ನಾನು ನಕ್ಕೆ. ಬೇಲಿ ತೆಗೆಯಲು ಅಲ್ಲೇ ಬರೆದುಕೊಂಡರು. ಮುಂದಿನ ಯೋಜನೆಯಲ್ಲಿ ನಿಮ್ಮ ಹೆಸರು ಇರುವುದಿಲ್ಲ. ಕೊಟ್ಟೂರು ಕಡೆಯ ಕುರುಬರು ಉಳಿದುಕೊಂಡರು. ಈ ಸುದ್ದಿ ನಿಮಗೆ ನನ್ನ ಕೈಬರಹದಲ್ಲೇ ಮೊದಲು ತಲುಪಲಿ ಎಂದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ.

ಇಂತಿ, ನಿಮಗೆ ಇನ್ನು ಏನೂ ಬಾಕಿ ಉಳಿಸಿಕೊಳ್ಳದ
ಮೈಲಮ್ಮ

ತಾ.ಕ.: ನಾನಾಗಿಯೇ ಎಡವಿ ಬಿದ್ದೆ ಎಂದು ನೀವು ಅಂದುಕೊಂಡರೆ ನನಗೆ ಸಮಾಧಾನವಿಲ್ಲ, ಅದಕ್ಕೆ ಇದನ್ನೂ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಫೋನ್ ಮಾಡಿ, ವರದಿಗೆ ಮೇ ತಿಂಗಳ ಚಿತ್ರವಷ್ಟೇ ಸಾಕಲ್ಲವಾ ಎಂದು ಕೇಳಿದ್ದಿರಿ. ಆಗ ಅದೇ ಚಿತ್ರ ನನ್ನ ಕಂಪ್ಯೂಟರಿನಲ್ಲಿ ತೆರೆದಿತ್ತು. ಜಾಲಿ ಅರವತ್ತು ಎಕರೆ ಹಿಡಿದಿತ್ತು. ನನಗೆ ಎಲ್ಲ ಗೊತ್ತಿತ್ತು. ಸಾಕು ಅಂದೆ. ನೀವು ಇನ್ನೂ ಎತ್ತರಕ್ಕೆ ಹತ್ತಿ ಬೀಳಲಿ ಎಂದು ಕಾದೆ. ಈಗ ಇನ್ನೂರು ಎಕರೆ ದಾಟಿದೆ, ಯಂತ್ರ ತಂದರೂ ಬುಡ ಬರುವುದಿಲ್ಲವಂತೆ. ನಿನ್ನೆ ಅವರೆಲ್ಲ ಹೋದ ಮೇಲೆ ಅಪ್ಪ ಒಂದು ಜಾಲಿ ಬೊಡ್ಡೆ ಹಿಡಿದು ಅಲುಗಾಡಿಸಿ ನೋಡಿದ. "ಎರಡು ವರ್ಷದ ಹಿಂದ ಯಾರರ ಕೀಳು ಅಂದಿದ್ರ ಇದನ್ನ ಕೈಲೇ ಕೀಳ್ತಿದ್ದೆ" ಅಂದ. ನಾನು ಅವನ ಕೈಯ ಮುಳ್ಳು ತೆಗೆಯುತ್ತಾ ಕೂತಿದ್ದೆ. ಆ ಫೋನಿನ ಮಾತು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅಪ್ಪನಿಗೆ ಮಾತ್ರ ಹೇಳಬೇಡಿ.