ಎಡ ಗೆರೆಯ ಪಕ್ಕದ ಕುರ್ಚಿ

ಸ್ಯಾಂಡ್‌ವಿಕೆನ್, ಸ್ವೀಡನ್
೧೨ ಮೇ ೨೦೧೩

ಪ್ರೀತಿಯ ವೆಂಕಟರಮಣನಿಗೆ,

ಶಂಕರನ ನಮಸ್ಕಾರ. ಬೇಡ, ನಿನಗೆ ನಮಸ್ಕಾರ ಜಾಸ್ತಿಯಾಯಿತು, ಬೆನ್ನಿಗೊಂದು ಗುದ್ದು ಸಾಕು. ಮಗಳ ಮನೆ ತಲುಪಿದ ಕೂಡಲೇ ಬರೆಯುತ್ತೇನೆ ಎಂದವನು ಹಿಮ ಕರಗುವವರೆಗೆ ಸುಮ್ಮನಿದ್ದೆ, ಕ್ಷಮಿಸು. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಾದರೆ "ಸಿಗ್ನಲ್ ಇಲ್ಲ ಕಣೋ" ಅಂತ ನಡುವೆ ಕತ್ತರಿಸಿಬಿಡುತ್ತೀಯ, ಅದಕ್ಕೇ ಕಾಗದ. ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಸಂಹಿತಾ ಇದನ್ನು ಸ್ಕ್ಯಾನ್ ಮಾಡಿ ಮಾಲತಿಗೆ ಕಳಿಸುತ್ತಾಳೆ.

ಮಾಲತಿ ನಿನಗೆ ಹೇಳದೆ ನನಗೆ ಫೋನು ಮಾಡಿದ್ದಳು. ಅವಳ ಮೇಲೆ ರೇಗಬೇಡ. "ಶಂಕರಣ್ಣಾ, ಶುಗರ್ ಗಾಯ ಎಡಪಾದಕ್ಕೆಲ್ಲ ಹತ್ಕೊಂಡಿದೆ. ಮಂಡಿ ಕೆಳಗೆ ತೆಗೀದಿದ್ರೆ ಜೀವಕ್ಕೇ ಅಪಾಯ ಅಂತಾರೆ ಡಾಕ್ಟ್ರು. ಇವ್ರು ಒಪ್ತಾನೇ ಇಲ್ಲ. ಆ ಕಾಲೇ ನಂಗೆ ಅನ್ನ ಹಾಕಿದ್ದು, ಅದು ಹೋದ್ರೆ ನಾನೂ ಹೋಗ್ತೀನಿ ಅಂತಾರೆ" ಎಂದು ಅತ್ತಳು. ನೀನು ಹೇಳಿದ್ದರಲ್ಲಿ ಸುಳ್ಳಿಲ್ಲ. ಲೇತ್ ಮೆಷಿನ್ನಿನ ತಲೆಬುಡ ತಿಳಿಯದ ನಿನ್ನನ್ನು ಕಾರ್ಖಾನೆಯವರು ಫಿಟ್ಟರ್ ಅಂತ ಸೇರಿಸಿಕೊಂಡದ್ದು ಆ ಎಡಗಾಲಿನ ಫುಟ್‌ಬಾಲ್ ಆಟ ನೋಡಿಯೇ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಮಾನ ಹೋದ ಕಥೆ ಕೇಳು.

ಸಂಹಿತಾಗೆ ಇಲ್ಲಿನ ಉಕ್ಕಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಅವಳ ಮಗಳು ರಿಯಾ ಫುಟ್‌ಬಾಲ್ ಆಡುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಸ್ವೀಡಿಷ್‌ನಲ್ಲಿ ಉತ್ತರಿಸುತ್ತಾಳೆ. ಇಬ್ಬರಿಗೂ ಅರ್ಥವಾಗುವುದು ಆಟವೊಂದೇ. ಕಳೆದ ಭಾನುವಾರ ಅವಳ ಪಂದ್ಯ ನೋಡಲು ಪಕ್ಕದ ಸಣ್ಣ ಊರಿಗೆ ಹೋಗಿದ್ದೆವು. ನಿಂತು ನಿಂತು ಸೊಂಟ ಹಿಡಿದುಕೊಂಡಿತು. ಎಡಗಡೆಯ ಗೆರೆಯ ಪಕ್ಕ ಹಳೆಯದೊಂದು ಅಡುಗೆಮನೆಯ ಕುರ್ಚಿ ಖಾಲಿ ಕಂಡಿತು, ಹೋಗಿ ಕೂತೆ. ಮೈದಾನಕ್ಕೆ ಮೈದಾನವೇ ಗಪ್‌ಚಿಪ್! ಆಟ ನಿಂತೇ ಹೋಯಿತು. ರಿಯಾ ಮುಖ ಕೆಂಪಗೆ ಮಾಡಿಕೊಂಡು ಓಡಿ ಬಂದು, ಜನ್ಮದಲ್ಲಿ ಮೊದಲ ಸಲ ತಾನಾಗಿ ಕನ್ನಡ ಆಡಿದಳು: "ತಾತಾ, ಏಳು! ಅದ್ರಲ್ಲಿ ಯಾರೂ ಕೂರಲ್ಲ!"

ಅಷ್ಟರಲ್ಲಿ ಒಬ್ಬ ಅಜ್ಜಿ ನಗುತ್ತಾ ಬಂದು ನನ್ನ ಭುಜ ಒತ್ತಿ ಮತ್ತೆ ಕೂರಿಸಿದರು. ಹೆಸರು ಗುನ್ನೆಲ್. ಆ ಕುರ್ಚಿ ಅವರ ತಂದೆಯದು. ಪ್ರತಿ ವಸಂತದ ಮೊದಲ ಪಂದ್ಯಕ್ಕೆ ಅದನ್ನು ತಂದು ಖಾಲಿ ಇಡುವುದು ಆ ಊರಿನ ಪದ್ಧತಿ. "ನೀವು ಆಡ್ತಿದ್ರಾ? ಯಾವ ಸ್ಥಾನ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ರೈಟ್ ವಿಂಗ್ ಎಂದೆ. "ಹಾಗಾದ್ರೆ ತಪ್ಪು ಕಡೆ ಕೂತಿದ್ದೀರಿ. ಇದು ಎಡಗಡೆಯವನ ಕುರ್ಚಿ" ಎಂದರು. ನಮ್ಮ ಕಾರ್ಖಾನೆ ತಂಡದ ಎಡಗಡೆಯವನು ನೀನು, ಆಗಲೇ ನಿನ್ನ ನೆನಪು ಒತ್ತರಿಸಿ ಬಂತು.

ಆಟ ಮುಗಿದ ಮೇಲೆ ಫಿಕಾಕ್ಕೆ ಮನೆಗೆ ಕರೆದರು. ಫಿಕಾ ಎಂದರೆ ಕಾಫಿ, ಬನ್ನು, ಹರಟೆ. ತಂದೆ ಆರ್ಥರ್ ಹೋಲ್‌ರಾಯ್ಡ್ ಇಂಗ್ಲೆಂಡಿನ ಒಂದು ಹತ್ತಿ ಗಿರಣಿಯೂರಿನವನಂತೆ. ಮೊದಲ ಮಹಾಯುದ್ಧ ಮುಗಿದಾಗ ಇನ್ನೂ ಮೀಸೆ ಮೂಡದವನು. ಗಿರಣಿಯಲ್ಲಿ ದುಡಿಯುತ್ತಿದ್ದವನನ್ನು ಅಲ್ಲಿನ ಕ್ಲಬ್ಬು ಎಡಗಾಲು ನೋಡಿ ಕರೆಸಿಕೊಂಡಿತು. ನಿನ್ನದೇ ಜಾತಕ, ನೋಡು! ಇಪ್ಪತ್ತರ ದಶಕವಿಡೀ ಲೆಫ್ಟ್ ವಿಂಗ್. ಶನಿವಾರ ಬಂತೆಂದರೆ ಊರಿಗೆ ಊರೇ ಗಿರಣಿಯ ಗೇಟಿನಿಂದ ನೇರ ಮೈದಾನಕ್ಕೆ. ಚರ್ಮದ ಚೆಂಡು ಮಳೆಯಲ್ಲಿ ನೆನೆದರೆ ಅದಕ್ಕೆ ತಲೆ ಕೊಟ್ಟವನ ಕಿವಿ ಸಂಜೆಯವರೆಗೂ ಗುಂಯ್‌ಗುಡುತ್ತಿತ್ತಂತೆ.

ಒಂದು ಪಂದ್ಯದಲ್ಲಿ ಪೆಟ್ಟಾಗಿ ಎಡ ಮೊಣಕಾಲು ಕೆಟ್ಟಿತು. ಕ್ಲಬ್ಬು ಅವನನ್ನು ಆಡಿಸಲೂ ಇಲ್ಲ, ಬೇರೆ ಕ್ಲಬ್ಬಿಗೆ ಬಿಡಲೂ ಇಲ್ಲ. ಸಂಬಳ ಕೊಡದೆಯೂ ಆಟಗಾರನನ್ನು ಹಿಡಿದಿಡಬಹುದೆಂಬ ನಿಯಮ ಆಗ ಅಲ್ಲಿತ್ತಂತೆ, ಕೇಳಿ ಮೈ ಉರಿಯಿತು. ಬೇಸತ್ತು ಹಡಗು ಹತ್ತಿ ಇಲ್ಲಿಗೆ ಬಂದು ಉಕ್ಕಿನ ಕೆಲಸಗಾರರ ತಂಡಕ್ಕೆ ಕೋಚ್ ಆದ. ಇಲ್ಲಿ ಇನ್ನೊಂದು ತಾಪತ್ರಯ. ದುಡ್ಡಿಗೆ ಆಡಿದವನು ಆಗ ಇಲ್ಲಿನ ಪಂದ್ಯಗಳಲ್ಲಿ ಆಡುವಂತಿರಲಿಲ್ಲ. ಗೆರೆಯ ಆಚೆ ನಿಂತು ಕೂಗಬೇಕು, ಅಷ್ಟೇ.

ಕೆಲವು ವರ್ಷಗಳಲ್ಲಿ ಅದೇ ಮೊಣಕಾಲಿಗೆ ಕೀವು ತುಂಬಿತು. ಕಾಲು ತೆಗೆಯಬೇಕು ಎಂದರು ಡಾಕ್ಟರು. ಅವನೂ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟನಂತೆ. ಹೆಂಡತಿ ಬೇಡಿದರೂ ಕೇಳಲಿಲ್ಲ. ಕೊನೆಗೆ ತಂಡದವರು ಆಸ್ಪತ್ರೆಗೆ ಬಂದು, ಭಾನುವಾರ ಎಡಗಡೆ ಯಾರನ್ನು ಹಾಕೋಣ ಎಂದು ಕೇಳಿದರು, ತಾವೇ ಒಬ್ಬನ ಹೆಸರನ್ನೂ ಹೇಳಿದರು. ಹೋಲ್‌ರಾಯ್ಡ್ ಧಡಕ್ಕನೆ ಎದ್ದು ಕೂತ. "ಅವನಾ? ತಲೆ ಎತ್ತಿ ನೋಡದೆ ಒದೆಯುವವನು!" ಎಂದು ಕೂಗಾಡಿ, ಯಾರು, ಎಲ್ಲಿ, ಹೇಗೆ ಎಂದು ಅರ್ಧ ಗಂಟೆ ಪಾಠ ಮಾಡಿದನಂತೆ. ಅವರು ಹೊರಟ ಮೇಲೆ ಡಾಕ್ಟರನ್ನು ಕರೆದು, ಬೇಗ ಮುಗಿಸಿ, ಭಾನುವಾರ ಹತ್ತಿರ ಬಂತು ಎಂದ.

ಆ ಭಾನುವಾರಕ್ಕೆ ಆಗಲಿಲ್ಲ. ವಸಂತ ಬಂದಾಗ ತಂಡದವರು ಅವನ ಮನೆಯ ಕುರ್ಚಿಯನ್ನೂ ಅವನನ್ನೂ ಹೊತ್ತು ತಂದು ಎಡ ಗೆರೆಯ ಪಕ್ಕ ಇಳಿಸಿದರು. ಎರಡನೆಯ ಯುದ್ಧ ಶುರುವಾಗುವವರೆಗೂ ಅಲ್ಲೇ ಕೂತು, ಊರುಗೋಲು ಚಾಚಿ ಆಡಿಸಿದ. ಗುನ್ನೆಲ್ ದೊಡ್ಡವರಾದ ಮೇಲೊಮ್ಮೆ, ಕಾಲು ಹೋದ ಮೇಲೆ ಕಷ್ಟವಾಗಲಿಲ್ಲವೇ ಎಂದು ಕೇಳಿದ್ದರಂತೆ. ಅದಕ್ಕೆ ಅವನು ಹೇಳಿದ್ದು: "ಚೆಂಡು ಎಲ್ಲಿಗೆ ಹೋಗಬೇಕು ಅಂತ ಕಾಲಿಗೆ ಯಾವತ್ತು ಗೊತ್ತಿತ್ತು, ಮಗಳೇ? ನಾನೇ ಹೇಳ್ತಿದ್ದೆ."

ವೆಂಕ, ನಮ್ಮ ಕಾರ್ಖಾನೆಯ ಮೈದಾನದಲ್ಲಿ ಈಗ ಆಡುವವರು ಎಡಗಡೆಯಿಂದ ಕಣ್ಣು ಮುಚ್ಚಿಕೊಂಡು ಒದೆಯುತ್ತಾರೆ ಎಂದು ಗೊಣಗುತ್ತಿದ್ದವನು ನೀನೇ. ಅವರನ್ನು ತಿದ್ದುವವರು ಯಾರು? ಕುರ್ಚಿ ನಾನು ಹೊರುತ್ತೇನೆ. ಒಂದು ಕಾಲಿನಷ್ಟು ಭಾರ ಕಡಿಮೆಯಾದರೆ ನನ್ನ ಸೊಂಟಕ್ಕೂ ಒಳ್ಳೆಯದು.

ಮಾಲತಿಗೆ ನನ್ನ ಆಶೀರ್ವಾದ. ನಿನಗಿಂತ ನಾಲ್ಕು ತಿಂಗಳು ದೊಡ್ಡವನು, ಆದ್ದರಿಂದ ನಿನಗೂ ಇರಲಿ. ನೂರು ವರ್ಷ ಬಾಳು, ಕುಂಟುತ್ತಲಾದರೂ.

ಇಂತಿ ನಿನ್ನ
ಶಂಕರ

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲಾಗದೆ ಉಳಿದದ್ದು. ನನ್ನವಳು ಕಮಲಾ ತೀರಿಕೊಂಡ ಮೇಲೆ ಮಗಳು ನನಗೆ ಯಾವ ಕೊರತೆಯನ್ನೂ ಮಾಡಿಲ್ಲ. ಅವಳಿಗೆ ನಾನು ಅಪ್ಪ, ರಿಯಾಗೆ ತಾತ, ಇಲ್ಲಿಯವರಿಗೆ ಒಬ್ಬ ಒಳ್ಳೆಯ ಮುದುಕ. ನಾನು ಬಲಗಡೆಯಿಂದ ಓಡಿ ಬರುತ್ತಿದ್ದುದನ್ನು ಕಂಡವರಲ್ಲಿ, ನನ್ನನ್ನು "ಲೇ" ಎನ್ನುವವರಲ್ಲಿ, ಇನ್ನು ನೀನೊಬ್ಬನೇ ಉಳಿದಿರುವುದು. ನಿನ್ನ ಕಾಲು ನನಗೆ ಯಾವತ್ತೂ ಬೇಕಿರಲಿಲ್ಲ ಕಣೋ. ಚೆಂಡು ಎತ್ತುವ ಮೊದಲು ತಲೆಯೆತ್ತಿ ನಾನು ಎಲ್ಲಿದ್ದೇನೆ ಎಂದು ಹುಡುಕುತ್ತಿದ್ದೆಯಲ್ಲ, ಹಾಗೆ ಹುಡುಕುವವನು ಬೇಕು. ಗುರುವಾರ ಬೆಳಿಗ್ಗೆ ಬೆಂಗಳೂರಿಗೆ ಬಂದು ಇಳಿಯುತ್ತೇನೆ. ನಾನು ಬರುವವರೆಗೆ ಕಾಯಬೇಡ, ಇವತ್ತೇ ಒಪ್ಪಿಕೋ. ಕಣ್ಣು ಬಿಟ್ಟಾಗ ಬಲಗಡೆ ನೋಡು, ಅಲ್ಲಿರುತ್ತೇನೆ.