ಸೈಕಲ್ಲಿನಲ್ಲಿ ಬಂದ ಚಿಕ್ಕಪ್ಪನಿಗೆ

ಚಿಕ್ಕಪ್ಪ,

ಅಪ್ಪ ತೀರಿಕೊಂಡ ದಿನ ಬೆಂಕಿಯ ಮಡಕೆ ಹಿಡಿದು ನಾನು ಮುಂದೆ ನಡೆಯುತ್ತಿದ್ದೆ. ಗವಿಪುರಂನಿಂದ ಚಾಮರಾಜಪೇಟೆಯ ಸ್ಮಶಾನ ಎಷ್ಟು ದೂರ? ಚಟ್ಟಕ್ಕೆ ಹೆಗಲು ಕೊಟ್ಟಿದ್ದ ನೀವು ಬೀದಿಯ ತುದಿಯಲ್ಲೇ ಬಿಟ್ಟು, ಯಾರದೋ ಕಾಂಪೌಂಡಿನ ಮೇಲೆ ಬಗ್ಗಿ ನಿಂತಿರಿ. ಆಮೇಲೆ ಮನೆಗೆ ಹಿಂತಿರುಗಿ ಸೈಕಲ್ಲಿನಲ್ಲಿ ಬಂದಿರಿ. ಸ್ವಂತ ಅಣ್ಣನ ಹೆಣದ ಹಿಂದೆ ಸೈಕಲ್ ತುಳಿದುಕೊಂಡು ಬಂದವರನ್ನು ನಮ್ಮ ಕಡೆ ಅದುವರೆಗೆ ಯಾರೂ ಕಂಡಿರಲಿಲ್ಲ.

ಹದಿಮೂರನೆಯ ದಿನ ಊಟವಾದ ಮೇಲೆ ಎಲ್ಲರ ಎದುರಿಗೇ ಕೇಳಿದೆ. "ಅಷ್ಟು ದೂರ ನಡೆಯೋಕಾಗ್ಲಿಲ್ವಾ ಚಿಕ್ಕಪ್ಪ, ನಮ್ಮಪ್ಪನಿಗೋಸ್ಕರ?"

"ನೆಟ್ಟಗೆ ನಡೆದ್ರೆ ಕಾಲು ಮರಗಟ್ಟುತ್ತೆ ಕಣೋ. ಸೈಕಲ್ ಮೇಲೆ ಕೂತ್ರೆ ಏನೂ ಇರಲ್ಲ," ಎಂದಿರಿ.

"ಕೂತ್ರೆ ವಾಸಿಯಾಗೋ ಕಾಯಿಲೆ ನಂಗೂ ಇದೆ ಬಿಡೋ," ಎಂದರು ನಿಮ್ಮ ಅಕ್ಕ, ನಮ್ಮತ್ತೆ. ಎಲ್ಲರೂ ನಕ್ಕರು. ನಾನೂ.

ಚಿಕ್ಕಮ್ಮನ ಒತ್ತಾಯಕ್ಕೆ ನಿಮ್ಮನ್ನು ಡಾಕ್ಟರ ಬಳಿ ಕರೆದೊಯ್ದವನೂ ನಾನೇ. ಎಕ್ಸ್‌ರೇ ನೋಡಿ, ವಯಸ್ಸಿಗೆ ಮೂಳೆ ಸವೆದಿದೆ ಎಂದರು. ನಾನು ಸುಮ್ಮನಿರಬಹುದಿತ್ತು. "ಎನ್.ಆರ್. ಕಾಲೋನಿಯಿಂದ ದಿನಾ ಮಾರ್ಕೆಟ್ಟಿಗೆ ಸೈಕಲ್ ತುಳೀತಾರೆ ಸಾರ್," ಎಂದೆ. ಡಾಕ್ಟರು ಮುಗುಳ್ನಕ್ಕು ನೋವಿನ ಮಾತ್ರೆ ಬರೆದರು. ನೀವು ಗೋಡೆ ನೋಡುತ್ತಿದ್ದಿರಿ. ಆಮೇಲೆ ಕಣ್ಣು ಮುಚ್ಚುವವರೆಗೂ ಕಾಲಿನ ವಿಷಯ ಎತ್ತಲಿಲ್ಲ. ಯಾರ ಹತ್ತಿರ ಎತ್ತುತ್ತೀರಿ?

ಹೋದ ವಾರ ಮಲ್ಲೇಶ್ವರದಲ್ಲಿ ಬೆನ್ನುಮೂಳೆಯ ಡಾಕ್ಟರೊಬ್ಬರ ಮುಂದೆ ಕೂತಿದ್ದೆ. ಈಗ ನನಗೂ ನೂರು ಹೆಜ್ಜೆ ಹಾಕುವಷ್ಟರಲ್ಲಿ ಕಾಲು ಮರಗಟ್ಟುತ್ತದೆ. ಅವರು ಮೊದಲು ಕೇಳಿದ್ದೇ, "ಸೈಕಲ್ ತುಳಿದ್ರೆ ಆರಾಮಾಗಿರುತ್ತಾ?" ಎಂಆರ್‌ಐ ತೋರಿಸಿ ವಿವರಿಸಿದರು. ಸೊಂಟದ ಹತ್ತಿರ ಬೆನ್ನುಮೂಳೆಯೊಳಗೆ ನರಗಳು ಹಾಯುವ ದಾರಿ ಸವೆತದಿಂದ ಕಿರಿದಾಗಿದೆಯಂತೆ. ನೆಟ್ಟಗೆ ನಿಂತರೆ ಇನ್ನೂ ಬಿಗಿಯುತ್ತದೆ, ಮುಂದಕ್ಕೆ ಬಗ್ಗಿದರೆ ಸಡಿಲವಾಗುತ್ತದೆ. ನಡೆಯಲಾರದವನು ಸೈಕಲ್ ತುಳಿಯಬಲ್ಲ ಎಂಬುದು ಈ ಕಾಯಿಲೆಯ ಒಂದು ಗುರುತು. ಅವತ್ತು ನಾನು ಆ ಡಾಕ್ಟರಿಗೆ ಹೇಳಿದ್ದು ಅದನ್ನೇ ಅಲ್ಲವೇ...

ನನಗೆ ಮೊದಲು ವ್ಯಾಯಾಮ, ಆಮೇಲೆ ಬೆನ್ನಿಗೆ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಆಪರೇಷನ್. ನಿಮಗೆ ಮಾತ್ರೆಯ ಚೀಟಿ, ನಮ್ಮ ನಗು.

"ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?" ಎಂದು ಕೊನೆಗೆ ಕೇಳಿದರು.

"ಚಿಕ್ಕಪ್ಪನಿಗಿತ್ತು. ಅವರು ಹೇಳಿದ್ರು, ನಾವು ನಂಬಲಿಲ್ಲ."

ಅವರು ಚಿಕ್ಕಪ್ಪ ಎಂದಷ್ಟೇ ಬರೆದುಕೊಂಡರು. ಉಳಿದದ್ದನ್ನು ಅಪ್ಪನ ತಿಥಿಯ ದಿನ ಎಲ್ಲರ ಎದುರಿಗೆ, ಅತ್ತೆಯ ಎದುರಿಗೂ, ಹೇಳುತ್ತೇನೆ. ಕೂತುಕೊಂಡೇ ಹೇಳಬೇಕು, ಅಷ್ಟು ಹೊತ್ತು ನಿಲ್ಲಲು ನನಗಾಗುವುದಿಲ್ಲ. ನಗುವವರು ನಗಲಿ.